ಗಂಜಿ ಹೆಚ್ಚಾದ ಹಾಡು

ಮನುಷ್ಯ ತನ್ನ ಊರಿನಿಂದ ಮುಚ್ಚಿಡುವ ಸಂಗತಿಗಳಲ್ಲಿ ಕೆಲವು ಪಾಪಗಳು, ಕೆಲವು ಬರೀ ಅಭಿರುಚಿಗಳು. ಪಾಪವನ್ನು ಊರು ಹೇಗೋ ಕ್ಷಮಿಸುತ್ತದೆ. ನಾಲ್ಕು ದಿನ ಮಾತಾಡಿಕೊಂಡು ಐದನೆಯ ದಿನ ಮದುವೆಯ ಊಟಕ್ಕೆ ಕರೆಯುತ್ತದೆ. ಅಭಿರುಚಿಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ, ಗದಗ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಐವತ್ನಾಲ್ಕು ವರ್ಷ ಮರ್ಯಾದೆಯಿಂದ ಬದುಕಿದ ಈರಣ್ಣನೆಂಬ ನಾನು, ಮೂವತ್ತೈದು ವರ್ಷಗಳಿಂದ ಹೆವಿ ಮೆಟಲ್ ಎಂಬ ಪರದೇಶದ ಅಬ್ಬರದ ಸಂಗೀತ ಕೇಳುತ್ತಿದ್ದೇನೆಂಬುದನ್ನು ಇಷ್ಟು ತಡವಾಗಿ, ಇಷ್ಟು ಸಂಕೋಚದಿಂದ ಒಪ್ಪಿಕೊಳ್ಳುತ್ತಿದ್ದೇನೆ. ಬೇರೆ ಊರಾಗಿದ್ದರೆ ಇಷ್ಟು ಪೀಠಿಕೆ ಬೇಕಿರಲಿಲ್ಲ. ಆದರೆ ಗದುಗಿನಲ್ಲಿ ಹೂಕೋಸು ಮಾರುವವನೂ ಬೆಳಗಿನ ರಾಗವನ್ನು ಸಂಜೆ ಗುನುಗುವುದಿಲ್ಲ. ಇಲ್ಲಿ ಯಾರಾದರೂ ‘ನನಗೆ ಸಂಗೀತ ಇಷ್ಟ’ ಎಂದರೆ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ, “ಯಾವ ಘರಾಣಾ?” ಒಮ್ಮೆ ನಮ್ಮ ಅಂಗಡಿಗೆ ಬಂದ ನಿವೃತ್ತ ಸಂಗೀತ ಮಾಸ್ತರರೊಬ್ಬರು ನನ್ನನ್ನೂ ಹೀಗೆ ಕೇಳಿದರು. ನಾನು ತುಸು ಯೋಚಿಸಿ, “ಸ್ವೀಡನ್ ಕಡೀದರಿ” ಎಂದೆ. ಅವರು ಬಹಳ ಹೊತ್ತು ತಲೆದೂಗಿ, “ಅಲ್ಲಿ ಥಂಡಿ ಭಾಳ. ಗಂಟಲ ಕೂಡಂಗಿಲ್ಲ” ಎಂದರು. ನಾನು ಆಗ ಕೇಳುತ್ತಿದ್ದ ಸ್ವೀಡನ್ ತಂಡದ ಗಾಯಕನ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಈ ಚಟ ನನಗೆ ಹೇಗೆ ಅಂಟಿತು ಎಂದು ಹೆಂಡತಿ ಸರೋಜಾ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ನಾನು ತಪ್ಪನ್ನೆಲ್ಲ ನಾನು ಹುಟ್ಟಿ ಬೆಳೆದ ಬೆಟಗೇರಿಯ ಮೇಲೆ ಹಾಕಿದೆ. ನಮ್ಮದು ನೇಕಾರರ ಮನೆ. ಅಜ್ಜ ಕೈಮಗ್ಗದಲ್ಲಿ ಕೂತಿದ್ದ. ಅಪ್ಪ ಮತ್ತು ಕಾಕಾನ ಕಾಲಕ್ಕೆ ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಬಂದವು. ಅವುಗಳ ನಡುವೆಯೇ ನನ್ನ ತೊಟ್ಟಿಲು. ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಹೊಡೆದುಕೊಳ್ಳುವ ಆ ಖಟಾಖಟಾ ನಿಂತರೆ ನಾನು ಎದ್ದು ಅಳುತ್ತಿದ್ದೆನಂತೆ. ಮುಂದೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ, ಕಿರೀಟ ಹಾಕಿದ ತಲೆಬುರುಡೆಯ ಚಿತ್ರವಿದ್ದ ಕ್ಯಾಸೆಟ್ಟೊಂದನ್ನು ಬರೀ ಕುತೂಹಲಕ್ಕೆ ಕೊಂಡು ತಂದು ಹಾಕಿದಾಗ, ಮೊದಲ ಹಾಡಿನ ಡ್ರಮ್ಮು ಶುರುವಾಗುತ್ತಲೇ ನನಗೆ ಕಣ್ಣು ತುಂಬಿ ಬಂತು. ಅದು ಪರದೇಶದ ಸಂಗೀತವಾಗಿರಲಿಲ್ಲ. ಅದು ನಮ್ಮ ಪಡಸಾಲೆ. ನಾಲ್ಕೂ ಮಗ್ಗ ಒಟ್ಟಿಗೆ ಓಡುತ್ತಿದ್ದವು, ಮೇಲೆ ಯಾರೋ ಸಿಟ್ಟಿನಿಂದ ಬೈಯುತ್ತಿದ್ದರು. ಆ ಬೈಗುಳವೂ ನನಗೆ ಹೊಸದಾಗಿರಲಿಲ್ಲ.

ಸರೋಜಾ ಈ ವಿವರಣೆಯನ್ನು ಪೂರ್ತಿ ಕೇಳಿ, “ಅದೆಲ್ಲಾ ಖರೆ. ಆದ್ರ ಅಂವ ಯಾಕ ಹಂಗ ಒದರ್ತಾನ? ಹೊಟ್ಟಿನೋವ ಏನರ ಐತೇನು?” ಎಂದಳು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳ ನಿಲುವು ಇದಕ್ಕಿಂತ ಮುಂದೆ ಹೋಗಿಲ್ಲ. ದಸರೆಯಲ್ಲಿ ಮಾತ್ರ ಆ ಕ್ಯಾಸೆಟ್ಟಿನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಾಳೆ. “ಹಬ್ಬದಾಗೂ ಹಲ್ಲ ಕಿಸಕೊಂಡ ಕುಂತೈತಿ” ಎನ್ನುವುದು ಅವಳ ಆಕ್ಷೇಪ.

ಜಿಲ್ಲೆಯಲ್ಲಿ ನನ್ನಂಥವನು ಇನ್ನೊಬ್ಬನಿದ್ದಾನೆಂದು ತಿಳಿದದ್ದು ಇಪ್ಪತ್ತು ವರ್ಷಗಳ ಹಿಂದೆ. ಅವನು ಲಕ್ಷ್ಮೇಶ್ವರದ ಮಹಾಂತೇಶ. ಬೀಜ, ಗೊಬ್ಬರ, ಔಷಧದ ಅಂಗಡಿ. ಶಿರಹಟ್ಟಿಯ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತವನು ಬೆರಳುಗಳಿಂದ ನೆಲದ ಮೇಲೆ ತಾಳ ಹಾಕುತ್ತಿದ್ದ. ಆ ತಾಳ ನಮ್ಮ ಕಡೆಯ ಯಾವ ತಾಳವೂ ಅಲ್ಲವೆಂದು ನನಗೆ ತಕ್ಷಣ ಗೊತ್ತಾಯಿತು. ನಾನು ಮುಂದಿನ ಸಾಲನ್ನು ನನ್ನ ಎಲೆಯ ಪಕ್ಕ ಬಾರಿಸಿದೆ. ಅವನು ತಿರುಗಿ ನೋಡಿದ. ಕಳ್ಳರಿಬ್ಬರು ಪೇಟೆಯಲ್ಲಿ ಎದುರಾದ ಹಾಗಿತ್ತು. ಅಂದಿನಿಂದ ನಾವು ತಿಂಗಳಿಗೊಮ್ಮೆ ಅವನ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತು ಕೇಳುತ್ತೇವೆ. ಒಂದು ಸಲ ಮುಂಡರಗಿ ಕಡೆ ಕೆಲಸ ಮುಗಿಸಿ, ಕೊರ್ಲಹಳ್ಳಿಯಲ್ಲಿ ಹೊಳೆಯ ದಂಡೆಗೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿ ತಲ್ಲೀನರಾಗಿದ್ದೆವು. ಯಾರೋ ಗಾಜು ಬಡಿದರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು, ಬಹಳ ಅಂತಃಕರಣದಿಂದ, “ಸಾಹೇಬ್ರ, ಹಿಂಗ ಒದರಾಕತ್ತಿದ್ರ ಗಾಡಿ ಚಾಲೂ ಇಡಬ್ಯಾಡ್ರಿ. ಬೇರಿಂಗ್ ಹೋಗ್ಯಾವ” ಎಂದರು. ಎಂಜಿನ್ ಬಂದ್ ಆಗಿತ್ತು.

ಇಷ್ಟೆಲ್ಲ ಹೇಳಿದ್ದು ನನ್ನ ತೊಂದರೆ ಎಲ್ಲಿ ಶುರುವಾಯಿತೆಂದು ಹೇಳಲಿಕ್ಕೆ. ಈ ಮಹಾಂತೇಶನಿಗೆ ಎರಡು ವರ್ಷದಿಂದ ‘ಲಾಸ್‌ಲೆಸ್’ ಎಂಬ ಹೊಸ ವ್ರತ ಹಿಡಿದಿತ್ತು. ನಾವೆಲ್ಲ ಮೊಬೈಲಿನಲ್ಲಿ ಕೇಳುವ ಸಾಮಾನ್ಯ ಎಂಪಿತ್ರೀ ಹಾಡಿನಲ್ಲಿ, ಮನುಷ್ಯನ ಕಿವಿ ಗಮನಿಸಲಾರದು ಎಂದು ತೋರಿದ ಭಾಗವನ್ನೆಲ್ಲ ಕತ್ತರಿಸಿ ಬಿಸಾಕಿರುತ್ತಾರೆ. ದರ್ಜಿಯವರು ಒಳಮಡಿಕೆ ಯಾರಿಗೆ ಕಾಣುತ್ತದೆ ಎಂದು ಬಟ್ಟೆ ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಲಾಸ್‌ಲೆಸ್ಸಿನಲ್ಲಿ ಏನೂ ಕತ್ತರಿಸುವುದಿಲ್ಲ. ಧ್ವನಿಮುದ್ರಣದ ಒಂದು ಎಳೆಯೂ ಬಿಟ್ಟುಹೋಗದೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಮಹಾಂತೇಶ ಇದಕ್ಕಾಗಿ ಒಂದು ಪುಟ್ಟ ಕರಿ ಡಬ್ಬಿಯನ್ನೂ ದಪ್ಪ ಹೆಡ್‌ಫೋನನ್ನೂ ತರಿಸಿ, ರೈತರಿಗೆ ಹುಳದ ಔಷಧದ ಪ್ರಮಾಣ ಹೇಳುವ ಗಾಂಭೀರ್ಯದಿಂದಲೇ ನನಗೆ ಇದನ್ನೆಲ್ಲ ಬೋಧಿಸಿದ್ದ. ಹೋದ ಶ್ರಾವಣದಲ್ಲಿ ಒಂದು ರವಿವಾರ ಅವನು ನಮ್ಮ ಮನೆಗೇ ಬಂದ. ಮುಖದಲ್ಲಿ ಕಳೆ ಇತ್ತು. “ಲೇ ಈರ್ಯಾ, ನಿನ್ನ ತಲಿಬುರಡಿ ಸಿಕ್ತಲೇ! ಹಳೇ ಧ್ವನಿ ತಿದ್ದಿ ತೀಡಿ ಹೊಸದಾಗಿ ಮಾಸ್ಟರಿಂಗ್ ಮಾಡ್ಯಾರ. ಪೂರಾ ಲಾಸ್‌ಲೆಸ್!”

ನನ್ನ ಮೊದಲ ಕ್ಯಾಸೆಟ್ಟು! ಅದನ್ನು ಸವೆದುಹೋದೀತೆಂದು ಹತ್ತು ವರ್ಷದಿಂದ ಹಾಕಿರಲಿಲ್ಲ. ಮಹಾಂತೇಶ ಡಬ್ಬಿ ಜೋಡಿಸಿದ. ಮೊದಲು ಆ ಹೊಸ ಮಾಸ್ಟರಿಂಗಿನದೇ ಎಂಪಿತ್ರೀ ಹಾಕಿದ, ಆಮೇಲೆ ಲಾಸ್‌ಲೆಸ್. ತಾನೊಮ್ಮೆ ಕೇಳಿ, ಕಣ್ಣು ಮುಚ್ಚಿ, “ಆಹಾ! ಪರದೆ ಸರದಂಗ ಆತು ನೋಡಪಾ” ಎಂದು ಹೆಡ್‌ಫೋನನ್ನು ನನ್ನ ತಲೆಗೇರಿಸಿದ.

ನಾನೂ ಎರಡನ್ನೂ ಕೇಳಿದೆ. ಎಂಪಿತ್ರೀ ಹೇಗಿತ್ತೋ ಲಾಸ್‌ಲೆಸ್ಸೂ ಹಾಗೇ ಇತ್ತು. ಪರದೆ ಇದ್ದಲ್ಲೇ ಇತ್ತು. ಅದು ಹೋಗಲಿ, ಮೂವತ್ತೈದು ವರ್ಷದ ಹಿಂದೆ ಕಣ್ಣು ತುಂಬಿಸಿದ ಹಾಡು ಈಗ ಒಂದೇ ಸಮ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಬಡಿಯುತ್ತಿತ್ತು. ಡ್ರಮ್ಮು ಎಲ್ಲಿ, ಗಿಟಾರು ಎಲ್ಲಿ ಎಂದು ತಿಳಿಯಲಿಲ್ಲ. ಹತ್ತು ನಿಮಿಷಕ್ಕೆ ತಲೆ ಭಾರವಾಯಿತು. ಮಹಾಂತೇಶ ನನ್ನ ಮುಖವನ್ನೇ ನೋಡುತ್ತಿದ್ದ. ಅಂಗಡಿಯಲ್ಲಿ ಬಣ್ಣ ಬಿಡುವ ಸೀರೆಯನ್ನೂ ‘ಗಟ್ಟಿ ಬಣ್ಣರಿ’ ಎಂದು ಹೇಳಿ ರೂಢಿಯಿದ್ದ ನಾನು, “ಸರೀತಪಾ ಪರದೆ, ಪೂರಾ ಸರೀತು” ಎಂದೆ.

ಅವನು ಹೋದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಇದು ಹಾಡಿನ ಹೆದರಿಕೆಯಲ್ಲ, ನಮ್ಮ ಮನೆತನದ ಹೆದರಿಕೆ. ನಮ್ಮಪ್ಪನಿಗೆ ಐವತ್ತೈದರ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು. ಮತ್ತು ಅದು ನಮಗೆ ಯಾರಿಗೂ ಬಹಳ ದಿನ ಗೊತ್ತೇ ಆಗಿರಲಿಲ್ಲ. ಮಗ್ಗದ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ನಾವು ಹುಟ್ಟಿನಿಂದಲೇ ತುಟಿ ನೋಡಿ, ಕೈ ನೋಡಿ, ಹುಬ್ಬು ನೋಡಿ ಮಾತು ತಿಳಿಯುವವರು. ಅವ್ವ ಬಾಗಿಲಲ್ಲಿ ನಿಂತು ಬೆರಳು ಬಾಯಿಗೆ ತೋರಿಸಿದರೆ ಊಟ, ಹೆಬ್ಬೆರಳು ಹಿಂದಕ್ಕೆ ಮಾಡಿದರೆ ಸಾಲದವರು ಬಂದಿದ್ದಾರೆ. ಹೀಗಿರುವಲ್ಲಿ ಕಿವಿ ಇದ್ದರೇನು, ಹೋದರೇನು? ಅಪ್ಪ ಕಿವುಡನಾದದ್ದು ಬೆಳಕಿಗೆ ಬಂದದ್ದು ಒಂದು ಮಧ್ಯಾಹ್ನ ಕರೆಂಟು ಹೋದಾಗ. ಮಗ್ಗಗಳು ನಿಂತವು, ಮನೆ ಸ್ತಬ್ಧವಾಯಿತು, ಎಲ್ಲರೂ ದನಿ ಇಳಿಸಿದೆವು, ಅಪ್ಪನೊಬ್ಬ ಮಾತ್ರ, ಬಂದಿದ್ದ ಬೀಗರ ಎದುರಿಗೇ, “ಇವರು ಯಾವಾಗ ಹೋಗ್ತಾರಂತ?” ಎಂದು ಮಗ್ಗದ ಅಬ್ಬರಕ್ಕೆ ತಕ್ಕ ದನಿಯಲ್ಲಿ ಅವ್ವನನ್ನು ಕೇಳಿದ. ಅದೇ ಮಗ್ಗಗಳ ನಡುವೆ ಬೆಳೆದವನು ನಾನು. ಸಾಲದ್ದಕ್ಕೆ ಮೂವತ್ತೈದು ವರ್ಷ ಹೆವಿ ಮೆಟಲ್. ನನಗೆ ಈಗ ಐವತ್ನಾಲ್ಕು. ಲೆಕ್ಕ ಸರಿಯಾಗಿಯೇ ಕೂತಿತ್ತು.

ಎರಡು ವಾರ ನಾನು ಗಡಿಯಾರಕ್ಕೆ ಕಿವಿ ಹಚ್ಚುತ್ತ, ಒಗ್ಗರಣೆಯ ಚಟಪಟವನ್ನು ಎಣಿಸುತ್ತ ಓಡಾಡಿದೆ. ಸರೋಜಾ ಮೂರನೆಯ ವಾರ ನನ್ನನ್ನು ಎಳೆದುಕೊಂಡು ಕಿವಿಯ ದವಾಖಾನೆಗೆ ಹೋದಳು. ಅಲ್ಲಿ ಒಂದು ಗಾಜಿನ ಕೋಣೆ. ಒಳಗೆ ನನ್ನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗೆ ಯಂತ್ರದ ಮುಂದೆ ಕೂತ ಹುಡುಗಿ, “ಸಣ್ಣ ಸಪ್ಪಳ ಬಂದಾಗೊಮ್ಮೆ ಬಳ್ಳ ಎತ್ರಿ ಕಾಕಾರ” ಎಂದಳು. ನಾನು ಬೆರಳು ಎತ್ತಿದೆ. ಒಂದನ್ನೂ ಬಿಡದೆ ಎತ್ತಿದೆ. ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದರು. “ಏನ್ರಿ ಇದು! ಇಪ್ಪತ್ತು ವರ್ಷದ ಹುಡುಗರಿಗೂ ಇಂಥಾ ಕಿವಿ ಇರಂಗಿಲ್ಲ” ಎಂದರು. ನಾನು ಆ ಕಾಗದವನ್ನು ಎದೆಗವಚಿಕೊಂಡು ಹೊರಬಂದೆ. ರಸ್ತೆಯಲ್ಲಿ ಬಿಸಿ ಮಿರ್ಚಿ ಕೊಡಿಸುತ್ತೇನೆಂದೆ. ಸರೋಜಾ ಮಿರ್ಚಿ ತಿನ್ನದೆ ನನ್ನನ್ನೇ ನೋಡಿದಳು.

“ನೀವು ಆ ಹುಡಿಗಿ ಮೊಣಕೈ ನೋಡ್ತಿದ್ರಿ.”

“ಏನು?”

“ಆಕಿ ಗುಂಡಿ ಒತ್ತೂ ಮುಂದ ಮೊಣಕೈ ಅಳಗಾಡ್ತಿತ್ತು. ಅದನ್ನ ನೋಡಿ ಬಳ್ಳ ಎತ್ತಿದ್ರಿ. ನಡುವ ಒಂದ್ಸಲ ಆಕಿ ಓಢಣಿ ಸರಿ ಮಾಡಕೊಂಡ್ಲು, ಆವಾಗೂ ಎತ್ತಿದ್ರಿ!”

ಮಿರ್ಚಿ ಕೈಯಲ್ಲೇ ಉಳಿಯಿತು. ಅವಳು ಹೇಳಿದ್ದು ನಿಜ. ನಾನು ಬೇಕೆಂದು ಮಾಡಿರಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದ ಕಣ್ಣು ತಾನಾಗಿಯೇ ಕಿವಿಯ ಕೆಲಸಕ್ಕೆ ಇಳಿದಿತ್ತು. ನನ್ನ ಕೈಯಲ್ಲಿದ್ದ ಪ್ರಮಾಣಪತ್ರ ನನ್ನ ಕಣ್ಣಿನದು. ಅಪ್ಪನೂ ಹೀಗೆಯೇ ಅಲ್ಲವೇ ಇಡೀ ಮನೆಯನ್ನು, ಬಹುಶಃ ತನ್ನನ್ನೂ, ವರ್ಷಗಟ್ಟಲೆ ನಂಬಿಸಿದ್ದು? ಮತ್ತೆ ಒಳಗೆ ಹೋಗಿ ‘ನಾನು ಕಾಪಿ ಹೊಡೆದೆ, ಇನ್ನೊಮ್ಮೆ ಪರೀಕ್ಷೆ ಮಾಡಿರಿ’ ಎನ್ನಲು ನಾಚಿಕೆ. ಹಾಗೆಯೇ ಬಿಡಲು ಹೆದರಿಕೆ. ಆ ದಿನದಿಂದ ಹಾಡು ಕೇಳುವುದನ್ನೇ ಬಿಟ್ಟೆ. ಒಳ್ಳೆಯ ಹಾಡು ಹಾಕಿ ಅದು ಚೆನ್ನಾಗಿ ಕೇಳಿಸದಿದ್ದರೆ? ಗೊತ್ತಾಗದಿರುವುದೇ ವಾಸಿ ಎನ್ನಿಸಿತು. ಮನೆ ಎಷ್ಟು ಶಾಂತವಾಯಿತೆಂದರೆ, ಸರೋಜಾನೇ ಒಂದು ದಿನ, “ಅವನ್ನರ ಸ್ವಲ್ಪ ಒದರಸ್ರಿ, ಮನಿ ಬಿಕೋ ಅನ್ನಾಕತ್ತೈತಿ” ಎಂದಳು.

ಇಂಥ ಹೊತ್ತಿಗೆ ಬೆಟಗೇರಿಯಿಂದ ನಮ್ಮ ಸಿದ್ಲಿಂಗಪ್ಪ ಕಾಕಾ ಬಂದ. ಅಪ್ಪನ ತಮ್ಮ, ಎಂಬತ್ತರ ಹತ್ತಿರ ವಯಸ್ಸು, ಕಿವಿ ಹೋಗಿ ಹದಿನೈದು ವರ್ಷವಾಯಿತು, ಆದರೆ ಎದುರಿಗೆ ನಿಂತು ತುಟಿ ಅಲ್ಲಾಡಿಸಿದರೆ ಸಾಕು, ಒಂದು ಮಾತೂ ಬಿಡುವುದಿಲ್ಲ. ಒಂದು ಕಾಲದಲ್ಲಿ ಬೆಟಗೇರಿಯಲ್ಲಿ ಬಟ್ಟೆ ಪರೀಕ್ಷೆ ಎಂದರೆ ಕಾಕಾ. ಸೀರೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ತಿಕ್ಕಿ, ಯಾರ ಮಗ್ಗದ್ದು, ಎಂಥ ನೂಲು, ಎಷ್ಟು ಗಂಜಿ ಹಾಕಿದ್ದಾರೆ ಎಂದು ಹೇಳುತ್ತಿದ್ದ. ಗಂಜಿಯ ವಿಷಯದಲ್ಲಿ ಅವನು ಕಠೋರ. ತೆಳು ಬಟ್ಟೆಗೆ ಗಂಜಿ ಹೆಚ್ಚು ಹಾಕಿದರೆ ಅಂಗಡಿಯಲ್ಲಿ ದಪ್ಪವಾಗಿ, ಬಿಗಿಯಾಗಿ ಕಾಣುತ್ತದೆ. ಉಟ್ಟರೆ ಹಲಗೆ ಉಟ್ಟ ಹಾಗೆ, ನೆರಿಗೆ ಕೂಡುವುದಿಲ್ಲ. “ಅದು ಬಟ್ಟಿ ಅಲ್ಲ, ರಟ್ಟು” ಎಂದು ಎಸೆದುಬಿಡುತ್ತಿದ್ದ.

ಕಾಕಾ ನನ್ನ ಮುಖ ನೋಡಿದವನೇ, “ಯಾಕಲೇ ಈರ್ಯಾ, ಸೂತಕದಾಗ ಕುಂತಂಗ ಕುಂತಿ?” ಎಂದ. ನಾನು ಹೇಳಲಿಲ್ಲ. ಸರೋಜಾ ತುಟಿಯಲ್ಲೇ, ಒಂದು ಶಬ್ದವೂ ಇಲ್ಲದೆ, ಮೊಣಕೈ ಓಢಣಿ ಸಮೇತ ಎಲ್ಲವನ್ನೂ ಹೇಳಿಬಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳೂ ನೇಕಾರ್ತಿಯಾಗಿದ್ದಳು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ, “ಎಲ್ಲಿ, ಆ ಹಾಡ ಹಚ್ಚು, ನೋಡೂಣು” ಎಂದ.

“ಕಾಕಾ, ನಿನಗ ಕೇಳಸ...”

“ನನಗ ಕೇಳಸಂಗಿಲ್ಲ ಅಂತ ನನಗ ಹೇಳಾಕ ಬರಬ್ಯಾಡ. ಹಚ್ಚು.”

ನಾನು ಮಹಾಂತೇಶ ಬಿಟ್ಟುಹೋಗಿದ್ದ ಲಾಸ್‌ಲೆಸ್ಸನ್ನು ದೊಡ್ಡ ಸ್ಪೀಕರಿಗೆ ಹಚ್ಚಿದೆ. ಕಾಕಾ ಎದ್ದು ಬಂದು, ಸ್ಪೀಕರಿನ ಕಟ್ಟಿಗೆಯ ಮೈಮೇಲೆ ಬಲಗೈ ಅಂಗೈ ಇಟ್ಟು, ಕಣ್ಣು ಮುಚ್ಚಿದ. ಒಂದು ನಿಮಿಷ. ಮುಖ ಸಿಂಡರಿಸಿತು. “ಬಂದ್ ಮಾಡು. ಇನ್ನೊಂದು?” ನಾನು ಹಳೆಯ ಕ್ಯಾಸೆಟ್ ಪ್ಲೇಯರನ್ನು ಮಾಳಿಗೆಯಿಂದ ಇಳಿಸಿ, ಧೂಳು ಒರೆಸಿ, ತಲೆಬುರುಡೆಯನ್ನು ಹೊರತೆಗೆದು, ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ ಬಿಗಿ ಮಾಡಿ, ಅದೇ ಸ್ಪೀಕರಿಗೆ ಜೋಡಿಸಿ ಅದೇ ಹಾಡು ಹಾಕಿದೆ. ನಾನು ಮಾತ್ರ ಹೆದರಿ ಅಡಿಗೆಮನೆಯ ಬಾಗಿಲಿಗೆ ಸರಿದೆ. ಕಾಕಾನ ಅಂಗೈ ಮತ್ತೆ ಸ್ಪೀಕರಿನ ಮೇಲೆ. ಈ ಸಲ ನಿಮಿಷಗಳು ಕಳೆದವು. ಅವನ ತಲೆ ನಿಧಾನವಾಗಿ ಆಡತೊಡಗಿತು. ಬಲಗಾಲು, ಹಳೆಯ ಕೈಮಗ್ಗದ ಕಾಲುಮಣೆ ತುಳಿದ ಹಾಗೆ, ನೆಲ ತುಳಿಯತೊಡಗಿತು.

“ಇದು ಬಟ್ಟಿ ನೋಡು” ಎಂದ ಕಾಕಾ. “ಹೊಡೀತೈತಿ, ಬಿಡತೈತಿ. ಹೊಡೀತೈತಿ, ಬಿಡತೈತಿ. ನಡುವ ಉಸರ ಐತಿ. ಆಗಿಂದು ಬರೇ ಹೊಡೀತೈತಿ. ಬಿಡೂದ ಇಲ್ಲ. ಸಣ್ಣದನ್ನೂ ದೊಡ್ಡದನ್ನೂ ಸಮ ಮಾಡಿ ಗಂಜಿ ಹೊಡದಾರಲೇ! ಕಿವಿ ಚಲೋ ಅದಾವ ನಿನ್ನವು. ಮಾಲ ಖೊಟ್ಟಿ ಐತಿ.”

ನಾನು ಬಾಗಿಲಲ್ಲಿ ನಿಂತಲ್ಲೇ ಕೇಳಿದೆ. ನಿಜವಾಗಿ ಕೇಳಿದೆ. ಟೇಪಿನ ಸುಸ್ ಸದ್ದಿನ ಹಿಂದೆ ಡ್ರಮ್ಮು ತನ್ನ ಜಾಗದಲ್ಲಿ, ಗಿಟಾರು ತನ್ನ ಜಾಗದಲ್ಲಿ ಇದ್ದವು; ಹೊಡೆತ ಬಿದ್ದು, ಒಂದು ಕ್ಷಣ ಏನೂ ಇಲ್ಲದೆ, ಮತ್ತೆ ಹೊಡೆತ. ನಮ್ಮ ಪಡಸಾಲೆ ಹಾಗೇ ಇತ್ತು. ಮೈ ಹಗುರಾಗಿ ಅಲ್ಲೇ ಹೊಸ್ತಿಲ ಮೇಲೆ ಕೂತೆ. ಎಂಪಿತ್ರೀ ಮತ್ತು ಲಾಸ್‌ಲೆಸ್ ಒಂದೇ ಥರ ಯಾಕೆ ಕೇಳಿಸಿದವೆಂದು ಆಗ ತಿಳಿಯಿತು. ಹೊಸದಾಗಿ ಮಾಸ್ಟರಿಂಗ್ ಮಾಡಿದ ಪುಣ್ಯಾತ್ಮರು, ಅಂಗಡಿಯಲ್ಲಿ ದಪ್ಪ ಕಾಣಲೆಂದು, ಇಡೀ ಹಾಡಿನ ಸದ್ದನ್ನು ಒಂದೇ ಎತ್ತರಕ್ಕೆ ಎಳೆದು ನಿಲ್ಲಿಸಿದ್ದರು. ಲಾಸ್‌ಲೆಸ್ಸು ಪಾಪ, ತನ್ನ ಧರ್ಮ ಪಾಲಿಸಿತ್ತು: ಅಷ್ಟೂ ಗಂಜಿಯನ್ನು ಒಂದು ಕಣವೂ ನಷ್ಟವಾಗದಂತೆ ನನ್ನ ಮನೆಗೆ ಮುಟ್ಟಿಸಿತ್ತು.

ಮರುದಿನ ಧೈರ್ಯ ಮಾಡಿ ಮಹಾಂತೇಶನಿಗೆ ಫೋನು ಹಚ್ಚಿ, ಪರದೆ ಸರಿದಿದ್ದು ಸುಳ್ಳು ಎಂದು ಒಪ್ಪಿಕೊಂಡೆ. ಆ ಕಡೆ ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ, “ದೋಸ್ತ, ನನಗೂ ಏನೂ ಸರಿದಿಲ್ಲಲೇ” ಎಂದ. “ಎರಡ ವರ್ಷ ಆತು. ಔಷಧ ಅಂಗಡಿ ಘಾಟಿಗೆ ನನ್ನ ಕಿವಿ ಹೋದುವು ಅಂತ ಒಳಗೊಳಗ ಅಳಾಕತ್ತಿದ್ದೆ. ನೀ ಸರೀತು ಅಂದ್ಯಲ್ಲಾ, ಆವಾಗಂತೂ ಪೂರಾ ಖಾತ್ರಿ ಆತು.” ಇಬ್ಬರು ಬೆಳೆದ ಗಂಡಸರು ಪರಸ್ಪರರ ಸುಳ್ಳಿನಿಂದ ಕಿವುಡರಾಗಿದ್ದೆವು, ಒಂದು ಫೋನಿನಲ್ಲಿ ಇಬ್ಬರಿಗೂ ವಾಸಿಯಾಯಿತು. ಸರೋಜಾ ಅಷ್ಟಕ್ಕೆ ಬಿಡಲಿಲ್ಲ. ಮತ್ತೆ ದವಾಖಾನೆಗೆ ಕರೆದೊಯ್ದು, ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ದಸರೆಯ ತಲೆಬುರುಡೆಯ ಹಾಗೆ, ಪರೀಕ್ಷೆ ಮಾಡಿಸಿದಳು. ಈ ಸಲ ಡಾಕ್ಟರು ಕನ್ನಡಕ ತೆಗೆಯಲಿಲ್ಲ. “ವಯಸ್ಸಿಗೆ ತಕ್ಕಂಗ ಅದಾವ. ಏನೂ ಚಿಂತಿ ಬ್ಯಾಡ. ವಾಲ್ಯೂಮ್ ಮಾತ್ರ ಇಳಸ್ರಿ” ಎಂದರು. ಬದುಕಿನಲ್ಲಿ ‘ಸಾಧಾರಣ’ ಎಂಬ ದರ್ಜೆ ಪಡೆದು ಇಷ್ಟು ಸಂತೋಷಪಟ್ಟದ್ದು ಎಸ್ಸೆಸ್ಸೆಲ್ಸಿ ಗಣಿತವನ್ನು ಬಿಟ್ಟರೆ ಇದೇ.

ಈಗ ಕಾಕಾ ಪ್ರತಿ ರವಿವಾರ ಮುಂಜಾನೆ ಬೆಟಗೇರಿಯಿಂದ ಬರುತ್ತಾನೆ. ಹದಿನೈದು ವರ್ಷದಿಂದ ಭಜನೆಯೂ ಇಲ್ಲ, ಪದವೂ ಇಲ್ಲದೆ ಇದ್ದವನಿಗೆ ಅಂಗೈಗೆ ಸಿಗುವ ಸಂಗೀತ ಇದೊಂದೇ. ಮೆತ್ತಗಿನ ಹಾಡುಗಳು ಸ್ಪೀಕರಿನ ಕಟ್ಟಿಗೆಯವರೆಗೆ ಬರುವುದಿಲ್ಲವಂತೆ. ಸ್ಪೀಕರಿನ ಪಕ್ಕ ಕುರ್ಚಿ ಹಾಕಿಕೊಂಡು, ಅದರ ತಲೆಯ ಮೇಲೆ ಕೈಯಿಟ್ಟು ಕೂರುತ್ತಾನೆ. ಕಳಸಾಪುರದಿಂದ ಬಂದ ನಮ್ಮ ಬೀಗರು ಇದನ್ನು ನೋಡಿ, ಹಿರಿಯರು ಹೊಸ ಸಾಮಾನಿಗೆ ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದು ತಾವೂ ಕೈ ಮುಗಿದರು. ನಾನು ತಿದ್ದಲಿಲ್ಲ. ಮನೆಮಂದಿಯನ್ನು ಮೂವತ್ತೈದು ವರ್ಷ ನನ್ನ ಹಾಡಿಗೆ ಒಲಿಸಲು ಆಗದವನಿಗೆ ಕೊನೆಗೊಬ್ಬ ರಸಿಕ ಸಿಕ್ಕಿದ್ದ. ಅವನು ಕಿವುಡನೆಂಬುದನ್ನು ನಾನು ದೊಡ್ಡದು ಮಾಡಲಿಲ್ಲ.

ಹೋದ ರವಿವಾರ ಎರಡನೆಯ ಹಾಡು ನಡೆದಿತ್ತು. ಗಾಯಕ ಎಂದಿನಂತೆ ಹೊಟ್ಟೆಯಾಳದಿಂದ ಗರ್ಜಿಸುತ್ತಿದ್ದ. ಕಾಕಾ ಅಂಗೈ ತೆಗೆಯದೆ ನನ್ನ ಕಡೆ ತಿರುಗಿ, “ಭಾಳ ಸಿಟ್ಟಿನ್ಯಾಗ ಅದಾನಲೇ ಇಂವ. ಏನ ಹೇಳಾಕತ್ತಾನ?” ಎಂದು ಕೇಳಿದ.

ನಾನು ಬಾಯಿ ತೆರೆದೆ. ಕಿವಿಗೊಟ್ಟು ಮತ್ತೊಮ್ಮೆ ಆಲಿಸಿದೆ. ಡಾಕ್ಟರ ಕಾಗದ ಕಪಾಟಿನಲ್ಲಿತ್ತು, ವಾಲ್ಯೂಮ್ ಸಾಕಷ್ಟಿತ್ತು, ಗಂಜಿ ಒಂದಿಷ್ಟೂ ಇರಲಿಲ್ಲ. ಕೊನೆಗೆ, ಅವನಿಗೆ ಸರಿಯಾಗಿ ಕಾಣುವಂತೆ ತುಟಿ ಬಿಡಿಸಿ, “ಗೊತ್ತಿಲ್ಲ ಕಾಕಾ. ಒಂದ ಅಕ್ಷರ ತಿಳಿಯಂಗಿಲ್ಲ” ಎಂದೆ.

“ಎಷ್ಟ ವರ್ಷ ಆತು ಕೇಳಾಕತ್ತು?”

“ಮೂವತ್ತೈದು.”

ಕಾಕಾ ಸ್ಪೀಕರಿನ ಮೇಲಿದ್ದ ಕೈ ತೆಗೆದು ನನ್ನ ತಲೆಯ ಮೇಲಿಟ್ಟ. “ಮತ್ತ ಈ ಮನ್ಯಾಗ ಕಿವುಡ ಅಂತ ನನಗ ಅಂತೀರಿ” ಎಂದ.